ಟ್ರಂಕಿನಲ್ಲಿದ್ದದ್ದು, ಫೋನಿನಲ್ಲಿರುವುದು

ಶಿವಮೊಗ್ಗದ ಒಂದು ಮನೆಯಲ್ಲಿ ತಿಂಗಳ ಎರಡನೇ ಶನಿವಾರ ಸಂಜೆ ಕಾಫಿ ಲೋಟಗಳನ್ನು ಎತ್ತಿಟ್ಟ ಮೇಲೆ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕವೊಂದು ಮೇಜಿಗೆ ಬರುತ್ತದೆ. ಹೇಳುವವರು ಗಂಡ, ಬರೆಯುವವರು ಹೆಂಡತಿ. ಯಾವ ಬ್ಯಾಂಕು, ಎಷ್ಟು ಹಣ, ಯಾವತ್ತು ವಾಯಿದೆ, ನಾಮಿನಿ ಯಾರು, ಕಾಗದ ಎಲ್ಲಿದೆ. ಇಷ್ಟೇ ಐದು ಕಲಂ. ಕೊನೆಯ ಕಲಮಿನಲ್ಲಿ ‘ಗೋದ್ರೆಜ್ ಬೀರು, ಮೇಲಿನ ಖಾನೆ, ನೀಲಿ ಫೈಲು’ ಎಂಬಷ್ಟು ವಿವರ ಇರುತ್ತದೆ. ಹೆಂಡತಿಗೆ ಅರ್ಥವಾಗದ್ದನ್ನು ಬರೆಯುವ ಹಾಗಿಲ್ಲ. “ಇದೇನ್ರೀ, ಫೋಲಿಯೊ ಅಂದ್ರೆ?” ಎಂದು ಆಕೆ ಕೇಳಿದರೆ ಅವತ್ತಿನ ಬರವಣಿಗೆ ಅಲ್ಲಿಗೇ ನಿಲ್ಲುತ್ತದೆ, ಪಾಠ ಶುರುವಾಗುತ್ತದೆ.

ಗಂಡ ಕಾಲೇಜೊಂದರ ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಮೊದಲ ಶೇರು ಕೊಂಡದ್ದು 1986ರಲ್ಲಿ. ಮುಂಬೈ ಪೇಟೆಯ ಸೆನ್ಸೆಕ್ಸ್ ಸೂಚ್ಯಂಕ ಪ್ರಕಟವಾಗತೊಡಗಿದ್ದೂ ಅದೇ ವರ್ಷ. ಹರ್ಷದ್ ಮೆಹ್ತಾ ಹಗರಣದ 1992, ಯುನಿಟ್ ಟ್ರಸ್ಟ್ ತನ್ನ ಯುಎಸ್-64 ಯೋಜನೆಯ ಯುನಿಟ್‌ಗಳ ಮಾರಾಟ ಮತ್ತು ಮರುಖರೀದಿಯನ್ನು ಆರು ತಿಂಗಳು ನಿಲ್ಲಿಸಿಬಿಟ್ಟ 2001ರ ಜುಲೈ, ವರ್ಷದ ಆರಂಭದಲ್ಲಿ 21,000 ಮುಟ್ಟಿದ್ದ ಸೂಚ್ಯಂಕ ಅಕ್ಟೋಬರ್ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿದ 2008, ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕುಸಿದ 2020ರ ಮಾರ್ಚ್ 23. ಎಲ್ಲವನ್ನೂ ಅವರು ಕಂಡಿದ್ದಾರೆ, ಕೆಲವುಗಳಲ್ಲಿ ಕಳೆದುಕೊಂಡಿದ್ದಾರೆ. ಆದರೆ ಸುಮಾರು ನಲವತ್ತು ವರ್ಷದಲ್ಲಿ ಕಂಡ ದೊಡ್ಡ ನಷ್ಟ ಯಾವುದೆಂದು ಕೇಳಿದರೆ ಅವರು ಇವ್ಯಾವುದನ್ನೂ ಹೇಳುವುದಿಲ್ಲ. ಸಹೋದ್ಯೋಗಿಯೊಬ್ಬರ ಮನೆಯ ಟ್ರಂಕಿನ ಕತೆ ಹೇಳುತ್ತಾರೆ.

ಆ ಸಹೋದ್ಯೋಗಿ 2015ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮೂರು ವರ್ಷದ ಮೇಲೆ ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಟ್ರಂಕಿನಲ್ಲಿ ಹನ್ನೊಂದು ಶೇರು ಸರ್ಟಿಫಿಕೇಟುಗಳು ಸಿಕ್ಕವು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಹೆಸರು ಪೂರ್ತಿ. ಒಂದು ಕಂಪನಿ ಬೇರೊಂದರಲ್ಲಿ ವಿಲೀನವಾಗಿ ಹೆಸರೇ ಬದಲಾಗಿತ್ತು. ಡಿವಿಡೆಂಡ್ ವಾರಂಟುಗಳು ಹಳೆಯ ಬಾಡಿಗೆ ಮನೆಯ ವಿಳಾಸಕ್ಕೆ ಹೋಗಿ ಹೋಗಿ ವಾಪಸಾಗಿದ್ದವು. ಸತತ ಏಳು ವರ್ಷ ಡಿವಿಡೆಂಡ್ ಪಡೆಯದಿದ್ದರೆ ಆ ಹಣದ ಜೊತೆಗೆ ಶೇರುಗಳೂ ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗಬೇಕೆಂಬ ನಿಯಮ 2016ರಲ್ಲಿ ಜಾರಿಗೆ ಬಂದಿತ್ತು. ಅವರ ಶೇರುಗಳಲ್ಲಿ ಹೆಚ್ಚಿನವು ಅಲ್ಲಿಗೆ ಸೇರಿಹೋಗಿದ್ದವು. ಅವರ ಪತ್ನಿ ವಂಶವೃಕ್ಷ, ಅಫಿಡವಿಟ್ಟು, ನೋಟರಿ, ಬ್ಯಾಂಕ್ ಮ್ಯಾನೇಜರ ಸಹಿ ಎಂದು ಮೂರು ವರ್ಷ ಅಲೆದರು. ಕೊನೆಗೂ ಬಂದದ್ದು ಐದು ಕಂಪನಿಗಳ ಶೇರು. ಉಳಿದ ಆರರ ಆಸೆ ಬಿಟ್ಟರು.

ಕೆಂಪು ರಟ್ಟಿನ ಪುಸ್ತಕ ಶುರುವಾದದ್ದು ಆ ಅಲೆದಾಟವನ್ನು ಹತ್ತಿರದಿಂದ ಕಾಣತೊಡಗಿದ ಮೇಲೆ.

ಹಣ ಹೂಡುವ ಬಗ್ಗೆ ನಮ್ಮಲ್ಲಿ ನಡೆಯುವ ಮಾತೆಲ್ಲ ಯಾವುದನ್ನು ಕೊಳ್ಳಬೇಕು ಎನ್ನುವುದರ ಸುತ್ತಲೇ. 1993ರಲ್ಲಿ ಇನ್ಫೊಸಿಸ್ ತಲಾ 95 ರೂಪಾಯಿಗೆ ಶೇರು ನೀಡಿದಾಗ ಕೊಳ್ಳುವವರು ಸಾಕಷ್ಟು ಸಿಕ್ಕಿರಲಿಲ್ಲ. ನೂರು ಶೇರಿಗೆ 9,500 ರೂಪಾಯಿ ಹಾಕಿದ್ದರೆ ಇವತ್ತು ಎಲ್ಲಿರುತ್ತಿದ್ದೆವು ಎಂಬ ಹಳಹಳಿಕೆ ಕರ್ನಾಟಕದ ಎಷ್ಟು ಮದುವೆ ಊಟದ ಪಂಕ್ತಿಗಳಲ್ಲಿ ಕೇಳಿಬಂದಿಲ್ಲ! ಕೊಳ್ಳದೇ ಬಿಟ್ಟದ್ದಕ್ಕೆ ಇಷ್ಟು ಸಂಕಟಪಡುವ ನಾವು, ಕೊಂಡು ಮರೆತದ್ದರ ಲೆಕ್ಕ ಹಾಕುವುದೇ ಇಲ್ಲ. ರಿಸರ್ವ್ ಬ್ಯಾಂಕಿನ ಪ್ರಕಾರ 2024ರ ಮಾರ್ಚ್ ಕೊನೆಗೆ ಯಾರೂ ಕೇಳದೆ ಉಳಿದಿದ್ದ ಬ್ಯಾಂಕ್ ಠೇವಣಿ 78,213 ಕೋಟಿ ರೂಪಾಯಿ. ಹತ್ತು ವರ್ಷ ಯಾರೂ ಮುಟ್ಟದ ಖಾತೆಗಳ ಹಣ ಅದು. ಅದರಲ್ಲಿ ಯಾರದೋ ಸೊಸೆಯ ಹೆರಿಗೆ ಖರ್ಚಿದೆ, ಯಾರದೋ ಮೊಮ್ಮಗನ ಕಾಲೇಜು ಫೀ ಇದೆ.

ಟ್ರಂಕಿನ ಕಾಲಕ್ಕೆ ಒಂದು ಅನುಕೂಲವಾದರೂ ಇತ್ತು. ಪೋಸ್ಟ್‌ಮ್ಯಾನ್ ಬರುತ್ತಿದ್ದ. ಅಲಾಟ್‌ಮೆಂಟ್ ಪತ್ರ, ರೀಫಂಡ್ ಆರ್ಡರು, ಬೋನಸ್ ಶೇರಿನ ರಿಜಿಸ್ಟರ್ಡ್ ಲಕೋಟೆ, ಕಂಪನಿಯ ದಪ್ಪ ವಾರ್ಷಿಕ ವರದಿ. ಬಾಗಿಲಲ್ಲಿ ಸಹಿ ಹಾಕಿ ಇಸಿದುಕೊಳ್ಳುತ್ತಿದ್ದವರು ಮನೆಯ ಹೆಂಗಸರೇ. ಇಂಥ ಹೆಸರಿನ ಕಂಪನಿಯಲ್ಲಿ ನಮ್ಮದೇನೋ ಇದೆ ಎಂದು ಓದದೆಯೂ ಅವರಿಗೆ ತಿಳಿಯುತ್ತಿತ್ತು. ಈಗ ಶೇರು ಡಿಮ್ಯಾಟ್ ಖಾತೆಯಲ್ಲಿ, ಸ್ಟೇಟ್‌ಮೆಂಟು ಇಮೇಲಿನಲ್ಲಿ, ಡಿವಿಡೆಂಡಿನ ಸುದ್ದಿ ಎಸ್‌ಎಂಎಸ್‌ನಲ್ಲಿ, ಅಷ್ಟೂ ಬೆರಳಚ್ಚು ಕೇಳುವ ಒಂದು ಫೋನಿನಲ್ಲಿ. 2019ರ ಏಪ್ರಿಲ್‌ನಿಂದ ಕಾಗದದ ಶೇರನ್ನು ಇನ್ನೊಬ್ಬರಿಗೆ ಮಾರಿ ವರ್ಗಾಯಿಸುವುದನ್ನೂ ಶೇರು ಪೇಟೆಯ ನಿಯಂತ್ರಕ ಸೆಬಿ ನಿಲ್ಲಿಸಿದೆ. ಕಳ್ಳ ಸಹಿ, ನಕಲಿ ಸರ್ಟಿಫಿಕೇಟಿನ ಕಾಟ ತಪ್ಪಿತು ನಿಜ. ಆದರೆ ನಾಳೆ ಮೂವತ್ತೆಂಟರ ಹುಡುಗನೊಬ್ಬ ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕರೆ ಅವನ ಮನೆಯವರಿಗೆ ತೆರೆದು ನೋಡಲು ಟ್ರಂಕೂ ಇಲ್ಲ. ಆ್ಯಪಿನಲ್ಲಿ ಎಸ್‌ಐಪಿ ಕಟ್ಟುವ ಇಂದಿನ ತಲೆಮಾರು ಈ ವಿಷಯದಲ್ಲಿ ಅಪ್ಪಂದಿರಿಗಿಂತ ಹೆಚ್ಚು ಅಪಾಯದಲ್ಲಿದೆ ಎಂಬ ಶಿವಮೊಗ್ಗದ ಆ ಹಿರಿಯರ ಆತಂಕ ಅತಿಯಾದದ್ದಲ್ಲ.

ಸರ್ಕಾರ, ನಿಯಂತ್ರಕರು ಕೈಕಟ್ಟಿ ಕೂತಿಲ್ಲ. ಮರೆತ ಠೇವಣಿಯನ್ನು ಹೆಸರು ಹಾಕಿ ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ‘ಉದ್ಗಮ್’ ಜಾಲತಾಣ ತೆರೆಯಿತು. ಮ್ಯೂಚುವಲ್ ಫಂಡಿಗೆ 2025ರಲ್ಲಿ ‘ಮಿತ್ರ’ ಬಂತು. ಒಂದು ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮಿನಿ ಇಡಲು 2025ರ ನವೆಂಬರ್‌ನಿಂದ ಅವಕಾಶವಿದೆ. ಆದರೂ ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ ಇವು ಸಿಗುತ್ತವೆ. ಮರೆತ ಶೇರುಗಳನ್ನು ಹೂಡಿಕೆದಾರರ ರಕ್ಷಣಾ ನಿಧಿಗೆ ಕಳಿಸುವ ಮೊದಲು ಕಂಪನಿ ಪತ್ರಿಕೆಯಲ್ಲಿ ನೋಟಿಸು ಕೊಡಬೇಕು, ಒಂದು ಇಂಗ್ಲಿಷ್, ಒಂದು ಪ್ರಾದೇಶಿಕ ಭಾಷೆ. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೆ ಆ ಪ್ರಾದೇಶಿಕ ಭಾಷೆ ಸಾಮಾನ್ಯವಾಗಿ ಮರಾಠಿ. ಶಿವಮೊಗ್ಗದ ವಿಧವೆ ಅದನ್ನು ಓದುವುದೆಲ್ಲಿ? ಶೇರುದಾರರ ವಿಳಾಸ ಕಂಪನಿಯ ಬಳಿಯೇ ಇರುವಾಗ ಆಯಾ ರಾಜ್ಯದ ಪತ್ರಿಕೆಯಲ್ಲಿ ನೋಟಿಸು ಹಾಕಿಸುವುದು, ಅರ್ಜಿ ನಮೂನೆಯನ್ನು ಕನ್ನಡದಲ್ಲಿ ಕೊಡುವುದು ದೊಡ್ಡ ಬೇಡಿಕೆಯೇನಲ್ಲ. ವಾರಸುದಾರರು ಕಂಪನಿಗೊಂದು ಕಾಗದದ ಕಟ್ಟು ಹೊರುವುದೂ ತಪ್ಪಬೇಕು. ಒಮ್ಮೆ ಒಂದು ಕಡೆ ಸಾಬೀತಾದ ಮರಣ, ಸಾಬೀತಾದ ಸಂಬಂಧ ಎಲ್ಲ ಕಡೆಯೂ ಸಲ್ಲಬೇಕು.

ನಾಮಿನಿ ಎಂಬ ಪದದ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಹೆಸರು ಬರೆಸಿದರೆ ಹಣ ಅವರದೇ ಆಯಿತು ಎಂದು ನಂಬಿದವರೇ ಹೆಚ್ಚು. ನಾಮಿನಿಯಾದವರು ಶೇರಿನ ಪೂರ್ಣ ಒಡೆಯರಲ್ಲ, ವಾರಸುದಾರಿಕೆಯ ಕಾನೂನೇ ಮೇಲು ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಶಿವಮೊಗ್ಗದ ಪುಸ್ತಕದಲ್ಲಿ ಅದಕ್ಕೇ ಒಂದು ಹಾಳೆ ಉಯಿಲಿಗೆ ಮೀಸಲು. ಉಯಿಲನ್ನು ಬಿಳಿ ಹಾಳೆಯ ಮೇಲೂ ಬರೆಯಬಹುದು, ಸಹಿ ಹಾಕುವಾಗ ಇಬ್ಬರು ಸಾಕ್ಷಿಗಳಿದ್ದರೆ ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ಆ ದಂಪತಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಾಯಿಸಿದ್ದಾರೆ.

ಬರೆದಿಡುವ ಅಭ್ಯಾಸದಿಂದ ಅವರಿಗೆ ಎಣಿಸದ ಲಾಭವೂ ಆಯಿತು. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ನಿರ್ಬಂಧ ಹೇರಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಬೀದಿಗೆ ಬಂದು ನಿಂತ ದೃಶ್ಯ ಮರೆಯುವಂಥದ್ದಲ್ಲ. ಆಗಿನ್ನೂ ಠೇವಣಿ ವಿಮೆ ಒಂದು ಲಕ್ಷಕ್ಕೆ ಸೀಮಿತ. ಮುಂದಿನ ತಿಂಗಳೇ ಅದು ಐದು ಲಕ್ಷಕ್ಕೆ ಏರಿತು. ವಿಮೆ ಏರಿದ ಆ ವಾರ ಪುಸ್ತಕ ತೆಗೆದು ಬ್ಯಾಂಕುವಾರು ಕೂಡಿಸಿದಾಗ ಒಂದೇ ಸಹಕಾರ ಬ್ಯಾಂಕಿನಲ್ಲಿ ತಮ್ಮದು ಒಂಬತ್ತು ಲಕ್ಷ ಸೇರಿದೆ ಎಂಬುದು ದಂಪತಿಗೆ ಮೊದಲ ಸಲ ಕಣ್ಣಿಗೆ ಬಿತ್ತು. ಅಲ್ಲಿಂದೀಚೆಗೆ ಅಸಲು, ಬಡ್ಡಿ ಸೇರಿ ಒಂದು ಬ್ಯಾಂಕಿನಲ್ಲಿ ಐದು ಲಕ್ಷ ದಾಟದಂತೆ ಹಂಚಿದ್ದಾರೆ. ಆ ಒಂಬತ್ತು ಲಕ್ಷವನ್ನು ಕಂಡುಹಿಡಿದದ್ದು ಹೆಂಡತಿ. ಕಲಮಿನ ಕೆಳಗೆ ಮೊತ್ತ ಬರೆದವರು ಅವರೇ ತಾನೆ.

ಕಳೆದ ತಿಂಗಳು ಮೈಸೂರಿನಿಂದ ಬಂದಿದ್ದ ಮಗಳಿಗೂ ಆ ಮೇಜಿನ ಬಳಿ ಕುರ್ಚಿ ಹಾಕಿದರು. ಆಕೆ ಪುಸ್ತಕ ತಿರುವುತ್ತಾ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಅಂಚೆ ಕಚೇರಿಯ ಹಳೆಯ ಉಳಿತಾಯ ಖಾತೆ, ನಾಮಿನಿ ಕಲಮಿನಲ್ಲಿ ಅಜ್ಜಿಯ ಹೆಸರು. ಅಜ್ಜಿ ತೀರಿಕೊಂಡು ಆರು ವರ್ಷವಾಗಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ಅಮ್ಮ ಪೆನ್ಸಿಲಿನಲ್ಲಿ ಆ ಸಾಲಿನ ಪಕ್ಕ ಗೆರೆ ಎಳೆದು, ‘ಸೋಮವಾರ, ಹೆಡ್ ಪೋಸ್ಟ್ ಆಫೀಸು, ಪಾಸ್‌ಬುಕ್ ಮತ್ತು ಆಧಾರ್ ಜೆರಾಕ್ಸು ಒಯ್ಯುವುದು’ ಎಂದು ಬರೆದರು.