ಆರು ವರ್ಷದವರೆಗೆ ಮಗು ಮನೆಯದು, ಕಾನ್ವೆಂಟಿನದಲ್ಲ!



ವರ್ಷಕ್ಕೊಮ್ಮೆ ನಮ್ಮ ಪ್ರೆಸ್ಸಿಗೆ ಒಂದು ಸುಗ್ಗಿ ಬರುತ್ತದೆ. ಮದುವೆ ಸೀಸನ್ನಿನದಲ್ಲ, ಎಲೆಕ್ಷನ್ನಿನದೂ ಅಲ್ಲ. 'ಪ್ಲೇ ಹೋಮ್' ಅಡ್ಮಿಷನ್ನಿನ ಸುಗ್ಗಿ! ಗಲ್ಲಿಗೊಂದು ಹೊಸ ಬೋರ್ಡು, ಬೋರ್ಡಿಗೊಂದು ಹ್ಯಾಂಡ್‌ಬಿಲ್ಲು. ಮೇಲೆ ಕಾರ್ಟೂನ್ ಕರಡಿ, ಪಕ್ಕದಲ್ಲಿ ಕಾಮನಬಿಲ್ಲು, ಕೆಳಗೆ ಫೋನ್ ನಂಬರು. ಐದು ಸಾವಿರ ಕಾಪಿ ಅಚ್ಚಾಗುತ್ತದೆ, ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಇರುವುದಿಲ್ಲ. 'ಕನ್ನಡದಲ್ಲೂ ಎರಡು ಸಾಲು ಹಾಕೋಣ ಸಾರ್, ಅದಕ್ಕೆ ಕಾಸು ಬೇಡ' ಎಂದು ಒಬ್ಬರಿಗೆ ಹೇಳಿದೆ. 'ಕನ್ನಡ ಹಾಕಿದ್ರೆ ಪೇರೆಂಟ್ಸ್ ಬರಲ್ಲ ರೀ' ಎಂದರು ಆ ಮಹಾಶಯರು. ಅವರ ಹೆಸರು ಬೇಡ. ಅವರು ಹೇಳಿದ್ದು ಸುಳ್ಳಲ್ಲ ಎನ್ನುವುದೇ ಹೊಟ್ಟೆ ಉರಿಸುವ ಸಂಗತಿ.

ಯಾರು ಸ್ವಾಮಿ ಆ ಪೇರೆಂಟ್ಸ್? ನೀವೇ! ನವೆಂಬರ್ ಒಂದಕ್ಕೆ ಬೈಕಿನ ಮುಂದೆ ಹಳದಿ-ಕೆಂಪು ಬಾವುಟ ಕಟ್ಟಿ, ಕೊರಳಿಗೆ ಶಾಲು ಹಾಕಿಕೊಂಡು ಘೋಷಣೆ ಕೂಗುವ ನೀವು. ನವೆಂಬರ್ ಎರಡಕ್ಕೆ ಮೂರು ವರ್ಷದ ಕೂಸನ್ನು ಎತ್ತಿಕೊಂಡು ಅದೇ ಬೈಕಿನಲ್ಲಿ ಎಲ್‌ಕೆಜಿ ಇಂಟರ್‌ವ್ಯೂಗೆ ಹೋಗುವವರೂ ನೀವೇ. ಅಲ್ಲಿ ಮೇಡಮ್ಮು 'ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಇಲ್ಲದಿದ್ದರೆ ಮಗುವಿಗೆ ಕಷ್ಟ' ಎನ್ನುತ್ತಾರೆ. ನೀವು ತಲೆ ಅಲ್ಲಾಡಿಸಿ ಬರುತ್ತೀರಿ. ಅವತ್ತು ಸಂಜೆಯಿಂದ ಮನೆಯ ನಾಯಿ 'ಡಾಗಿ' ಆಗುತ್ತದೆ, ಹಾಲು 'ಮಿಲ್ಕು' ಆಗುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಪಕ್ಕದ ಮನೆಯವರು, ಹಾಲಿನವನು ಎಲ್ಲರೂ ಒಟ್ಟಿಗೆ 'ಅಂಕಲ್' ಆಗಿಬಿಡುತ್ತಾರೆ!

ಈ ಸಂಚಿಕೆಯಲ್ಲಿ ನಾನು ಹೇಳಬೇಕಾದದ್ದು ಇಷ್ಟೇ. ಮೂರರಿಂದ ಆರು ವರ್ಷದವರೆಗೆ ಮಗುವನ್ನು ಎಲ್ಲಿಗೂ ಕಳಿಸಬೇಡಿ. ಮನೆಯಲ್ಲೇ ಕಲಿಸಿ. ಕನ್ನಡದಲ್ಲಿ ಕಲಿಸಿ. ನಾನು ಪಿಯುಸಿ ಓದಿ ಅಪ್ಪನ ಪ್ರೆಸ್ಸಿಗೆ ಕೂತವನು, ಬಿಎಡ್ ಮಾಡಿದವನಲ್ಲ. ಆದರೆ ಅಕ್ಷರದ ಜೊತೆಯಲ್ಲೇ ಬದುಕಿದವನು. ಮಗಳನ್ನು ಆರು ವರ್ಷದವರೆಗೆ ಮನೆಯಲ್ಲೇ ಇಟ್ಟುಕೊಂಡು ಕಲಿಸಿದವನು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಮೊದಲು ಭಯ ಬಿಡಿ. ಆರು ವರ್ಷದೊಳಗಿನ ಮಗುವನ್ನು ಶಾಲೆಗೆ ಹಾಕಲೇಬೇಕು ಎಂದು ಈ ದೇಶದ ಯಾವ ಕಾನೂನೂ ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹಿಡಿಯುವುದು 6ರಿಂದ 14 ವರ್ಷದವರನ್ನು. ನಮ್ಮ ರಾಜ್ಯದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು 2022ರಲ್ಲಿ ಆದೇಶವಾಯಿತು. ಆಗ ಏನಾಯಿತು ಗೊತ್ತೇ? ಎಲ್ಲರಿಗಿಂತ ಮುಂಚೆ ಓಡಬೇಕೆಂದು ಮೂರು ತುಂಬುವ ಮೊದಲೇ ಎಲ್‌ಕೆಜಿಗೆ ತಳ್ಳಿದವರ ಮಕ್ಕಳು ಯುಕೆಜಿ ಮುಗಿಸಿ, ವಯಸ್ಸು ಸಾಲದೆ ಬಾಗಿಲಲ್ಲಿ ನಿಂತವು! ತಂದೆತಾಯಿ ಗೋಳಾಡಿದ ಮೇಲೆ 2025-26ನೇ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲ ಮಾಡಿದರು. ಸಾವಿರಗಟ್ಟಲೆ ಡೊನೇಷನ್ ಸುರಿದು ಕೊಂಡದ್ದೇನು? ಕಾಯುವ ಕೆಲಸ!

ಎರಡನೆಯದು, ಇದು ನಮ್ಮ ಚಳವಳಿಗೇ ಸಂಬಂಧಪಟ್ಟದ್ದು. ಗೋಕಾಕ್ ಚಳವಳಿಯ ಕಥೆಯನ್ನು ನಿಮ್ಮ ಅಪ್ಪಂದಿರು ಹೇಳಿರುತ್ತಾರೆ. 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದರು, ನಾಡೇ ಎದ್ದು ನಿಂತಿತು. 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಇಲ್ಲವೇ ಕನ್ನಡದಲ್ಲೇ ಪಾಠ ಎಂದು ಆಜ್ಞೆ ಹೊರಡಿಸಿತು. ಖಾಸಗಿ ಶಾಲೆಯವರು ಕೋರ್ಟಿಗೆ ಹೋದರು. ಕನ್ನಡ ಮಾಧ್ಯಮ ಎಂದು ಪರವಾನಗಿ ತೆಗೆದುಕೊಂಡು ಒಳಗೆ ಇಂಗ್ಲಿಷ್ ಹೇಳಿಕೊಟ್ಟ ಖದೀಮರೂ ಇದ್ದರು. 2008ರಲ್ಲಿ ಹೈಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಕೊನೆಯ ಮಾತು ಹೇಳಿತು: ಮಗು ಯಾವ ಭಾಷೆಯಲ್ಲಿ ಓದಬೇಕೆಂದು ಆರಿಸುವವರು ತಂದೆತಾಯಿ, ಸರ್ಕಾರ ಒತ್ತಾಯ ಮಾಡುವಂತಿಲ್ಲ.

ಆ ತೀರ್ಪಿಗೆ ಅವತ್ತು ನಾವೆಲ್ಲ ಎದೆ ಬಡಿದುಕೊಂಡೆವು. ಆದರೆ ಒಂದು ಕ್ಷಣ ಕೂತು ಯೋಚಿಸಿ. ಆರಿಸುವ ಹಕ್ಕು ತಂದೆತಾಯಿಯದು ಎಂದರೆ ಅದು ನಿಮ್ಮದೂ ಹೌದಲ್ಲವೇ? ವಿಧಾನಸೌಧದ ಮುಂದೆ ಕೂತು ಕೇಳುತ್ತಿದ್ದದ್ದನ್ನು ಈಗ ನಿಮ್ಮ ಅಡುಗೆಮನೆಯಲ್ಲಿ ನೀವೇ ಜಾರಿಗೆ ತರಬಹುದು. ಯಾವ ಜಡ್ಜೂ ತಡೆಯಲಾರ. 2024ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು. ಅದಕ್ಕಾಗಿ ನಮ್ಮ ಹುಡುಗರು ಲಾಠಿ ತಿಂದರು, ಜೈಲಿಗೂ ಹೋಗಿ ಬಂದರು. ಬೋರ್ಡಿಗೆ ಮಸಿ ಬಳಿಯಲು ಹತ್ತು ನಿಮಿಷ ಸಾಕು, ಆ ಬೋರ್ಡನ್ನು ಓದುವ ಮಗುವನ್ನು ತಯಾರು ಮಾಡಲು ಮೂರು ವರ್ಷ ಬೇಕು. ಈ ಎರಡನೇ ಕೆಲಸಕ್ಕೆ ನಮ್ಮಲ್ಲಿ ಎಷ್ಟು ಜನ ಹೆಸರು ಕೊಡುತ್ತೀರಿ?

ಹೇಗೆ ಶುರು ಮಾಡುವುದು? ಅಂಗಡಿಗೆ ಓಡಿ ಚಾರ್ಟು ತರಬೇಡಿ. ಚಾರ್ಟು ಅಚ್ಚು ಹಾಕುವವನೇ ಹೇಳುತ್ತಿದ್ದೇನೆ, ಕೇಳಿ. ಮೊದಲ ವರ್ಷ, ಅಂದರೆ ಮೂರರಿಂದ ನಾಲ್ಕರವರೆಗೆ, ಬಳಪವೂ ಬೇಡ ಪೆನ್ಸಿಲ್ಲೂ ಬೇಡ. ಮಗುವಿನ ಬೆರಳಿನಲ್ಲಿ ಇನ್ನೂ ಕಸುವು ಇರುವುದಿಲ್ಲ. ಆ ಕಸುವು ಬರುವುದು ಅವರೆಕಾಯಿ ಸುಲಿಯುವುದರಿಂದ, ಚಪಾತಿ ಹಿಟ್ಟು ನಾದುವುದರಿಂದ, ಅಮ್ಮನ ಪಕ್ಕ ಕೂತು ರಂಗೋಲಿ ಪುಡಿ ಬಿಡುವುದರಿಂದ. ಆ ವರ್ಷವೆಲ್ಲ ಮಾತು, ಕಥೆ, ಪದ್ಯ, ಆಟ. ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಬದನೆ, ಹೀರೆ, ಪಡವಲ, ತೊಂಡೆ, ಹಾಗಲ ಎಂದು ಒಂದೊಂದನ್ನೂ ಕೈಗೆ ಕೊಟ್ಟು ಹೆಸರು ಹೇಳಿ. ಎಂಜಿನಿಯರಿಂಗ್ ಓದಿದ ಹುಡುಗರಿಗೇ ಹೀರೆಗೂ ಪಡವಲಕ್ಕೂ ವ್ಯತ್ಯಾಸ ಗೊತ್ತಿಲ್ಲದ ಕಾಲ ಇದು.

ಲೆಕ್ಕಕ್ಕೆ ಅಳಗುಳಿಮನೆ ಇದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಹುಣಸೆಬೀಜ. ಮರದ ಮಣೆ ಇಲ್ಲದಿದ್ದರೆ ಮೊಟ್ಟೆ ಇಡುವ ಟ್ರೇ ಕತ್ತರಿಸಿ, ಸಾಕು. ಎಣಿಸುವುದು, ಕೂಡುವುದು, ಹಂಚುವುದು ಎಲ್ಲ ಅದರಲ್ಲೇ ಬರುತ್ತದೆ. ಸ್ವಲ್ಪ ದೊಡ್ಡವರಾದರೆ ಚೌಕಾಬಾರ. ಎಣಿಕೆ ಮಾತ್ರ ಕನ್ನಡದಲ್ಲಿರಲಿ. 'ಐವತ್ತೊಂಬತ್ತು ಅಂದ್ರೆ ಎಷ್ಟು ಅಂಕಲ್?' ಎಂದು ಕೇಳುವ ಹೈಸ್ಕೂಲ್ ಹುಡುಗರು ನಮ್ಮ ಪ್ರೆಸ್ಸಿಗೇ ಪ್ರಾಜೆಕ್ಟ್ ಬೈಂಡಿಂಗಿಗೆ ಬರುತ್ತಾರೆ. ಇಪ್ಪತ್ತಕ್ಕೆ ಒಂದು ಸೇರಿಸಿದರೆ ಇಪ್ಪತ್ತೊಂದು, ಮೂವತ್ತಕ್ಕೆ ಎರಡು ಸೇರಿಸಿದರೆ ಮೂವತ್ತೆರಡು. ಎಷ್ಟು ಸಲೀಸು! ಇದನ್ನು ಬಿಟ್ಟು ಮೂರು ವರ್ಷದ ಮಗುವಿನ ಬಾಯಲ್ಲಿ ಇಲೆವೆನ್, ಟ್ವೆಲ್ವ್ ತುರುಕುತ್ತೇವೆ.

ಪದ್ಯಕ್ಕೆ ಮೊಬೈಲಿನ ರೈಮ್ಸೇ ಗತಿ ಎಂದು ಯಾರು ಹೇಳಿದರು? 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗೆ ಪದ್ಯ ಬರೆಯುವುದನ್ನು ಕೀಳು ಕೆಲಸ ಎಂದುಕೊಳ್ಳಲಿಲ್ಲ. ಜಿ.ಪಿ. ರಾಜರತ್ನಂ ಬರೆದರು. ಕುವೆಂಪು ಬ್ರೌನಿಂಗ್ ಕವಿಯ ಇಂಗ್ಲಿಷ್ ಕಥನಕವನವನ್ನು ಎತ್ತಿಕೊಂಡು ಬಂದು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿ ನಮ್ಮ ಮಕ್ಕಳ ಕೈಗಿಟ್ಟರು. ಅಂದರೆ ಇಂಗ್ಲಿಷಿನ ಕಥೆಯೂ ಬರಲಿ, ಬೇಡ ಎನ್ನುವುದಿಲ್ಲ, ಆದರೆ ಕನ್ನಡ ಉಟ್ಟುಕೊಂಡು ಬರಲಿ. ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಚಿತ್ರ ತುಂಬಿದ ಕನ್ನಡ ಪುಸ್ತಕಗಳನ್ನು ಕಡಿಮೆ ಬೆಲೆಗೆ ಮಾಡುತ್ತದೆ. ಅವರ ಸ್ಟೋರಿವೀವರ್‌ನಲ್ಲಿ ಕಾಸು ಕೊಡದೆಯೇ ಓದಬಹುದು. ರಾತ್ರಿ ಮಲಗುವ ಮುಂಚೆ ಒಂದು ಪುಸ್ತಕ, ಅಪ್ಪನ ಬಾಯಲ್ಲಿ. ಅಪ್ಪ ಎಂದು ಬೇಕೆಂದೇ ಹೇಳಿದೆ. ಮನೆಪಾಠ ಎಂದರೆ ಹೆಂಡತಿಯ ತಲೆಗೆ ಇನ್ನೊಂದು ಕೆಲಸ ಕಟ್ಟುವುದು ಎಂದುಕೊಂಡಿದ್ದರೆ ಈ ಲೇಖನವನ್ನು ಇಲ್ಲಿಗೇ ಬಿಟ್ಟು ಎದ್ದು ಹೋಗಿ.

ನಾಲ್ಕು ದಾಟಿ, ಮಗು ತಾನಾಗಿ 'ಇದೇನು ಬರ್ದಿದೆ?' ಎಂದು ಬೋರ್ಡಿನ ಕಡೆ ಕೈ ತೋರಿಸಿದಾಗ ಅಕ್ಷರ ಶುರು ಮಾಡಿ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ. ಅ ಆ ಇ ಈ ಎಂದು ಸಾಲಾಗಿ ತಿದ್ದಿಸಲೇಬೇಕು ಎಂದೇನಿಲ್ಲ. ಅಪ್ಪನ ಕಾಲದಲ್ಲಿ ನಮ್ಮ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದರು. ರ, ದ, ನ, ಗ ಮೊಳೆಗಳು ಸವೆದು ಹೋಗುತ್ತಿದ್ದವು. ಙ, ಞ ಮಾತ್ರ ತಂದ ದಿನದ ಹೊಳಪಿನಲ್ಲೇ ಮನೆಯಲ್ಲಿ ಕೂತಿರುತ್ತಿದ್ದವು! ಅವನ್ನು ಮಗುವಿಗೆ ಮೊದಲ ವರ್ಷವೇ ಉರು ಹೊಡೆಸುವ ಅವಸರ ಏಕೆ?

ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು ಅದು. ಬರೆಯಲು ಸುಲಭವಾದ ಅಕ್ಷರಗಳ ಗುಂಪು ಮೊದಲು: ರ ಗ ಸ ದ ಅ. ಐದೇ ಅಕ್ಷರ. ಆದರೆ ಅಷ್ಟರಲ್ಲೇ ಸರ, ದರ, ರಸ, ಅರಸ, ಅಗಸ, ಗರಗಸ, ಗದಗ ಎಲ್ಲ ಓದಬಹುದು. ಆಮೇಲೆ ಜ ವ ಮ ಬ ನ. ಆಗ ಮರ, ದನ, ಜನ, ನಗರ, ಬಸವ! ಹತ್ತೇ ಅಕ್ಷರಕ್ಕೆ ಮಗು ಪದ ಓದುತ್ತದೆ. ನನ್ನ ಮಗಳು ಮೊದಲು ಓದಿದ್ದು ಬಸ್ಸಿನ ಬೋರ್ಡಿನಲ್ಲಿದ್ದ 'ನಗರ'. ಯಾವ ನಗರ ಎಂದು ಗೊತ್ತಾಗಲಿಲ್ಲ, ಹಿಂದಿನ ಪದದಲ್ಲಿ ಒತ್ತಕ್ಷರ ಇತ್ತು. ಆದರೂ ಸ್ಟಾಪಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು.

ಕಾಗದಕ್ಕೆ ದುಡ್ಡು ಹಾಕಬೇಡಿ. ಯಾವ ಪ್ರೆಸ್ಸಿಗಾದರೂ ಹೋಗಿ ಕಟಿಂಗ್ ಮೆಷಿನ್ನಿನ ಕೆಳಗೆ ಬಿದ್ದ ಅಂಚು ಕೇಳಿ, ಚೀಲ ತುಂಬ ಕೊಡುತ್ತಾರೆ. ಮದುವೆ ಕಾರ್ಡಿನ ದಪ್ಪ ಅಂಚಾದರೆ ಇನ್ನೂ ಒಳ್ಳೆಯದು. ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದು ಜೋಡಿಸುವ ಆಟ ಆಡಿ. ಬಾಗಿಲು, ಕಿಟಕಿ, ಲೋಟ, ಗಡಿಯಾರಕ್ಕೆ ಹೆಸರಿನ ಚೀಟಿ ಅಂಟಿಸಿ. ಕಾಗುಣಿತ, ಒತ್ತಕ್ಷರ ಐದರ ಮೇಲೆ. ದಿನಕ್ಕೆ ಒಂದು ಗಂಟೆ ಸಾಕು, ಅದೂ ಒಂದೇ ಸಲಕ್ಕೆ ಬೇಡ. ಮಗು ಬೇಡ ಎಂದ ದಿನ ಬಿಟ್ಟುಬಿಡಿ.

ನಿಮ್ಮ ತಕರಾರು ನನಗೆ ಗೊತ್ತು. 'ಇಬ್ಬರೂ ಕೆಲಸಕ್ಕೆ ಹೋಗ್ತೀವಿ ಸಾರ್.' ಸರಿ. ಅಜ್ಜಿ-ತಾತ ಇದ್ದರೆ ನೀವು ಪುಣ್ಯವಂತರು. ಇಲ್ಲದಿದ್ದರೆ ಒಂದೇ ಬೀದಿಯ ಮೂರು-ನಾಲ್ಕು ಮನೆಯವರು ಸೇರಿ, ದಿನಕ್ಕೊಂದು ಮನೆಯಂತೆ ಹಂಚಿಕೊಳ್ಳಿ. ಮಗುವಿಗೆ ಆಟಕ್ಕೆ ಜೊತೆಯೂ ಸಿಕ್ಕಿತು. ಮನೆ ಕೆಲಸಕ್ಕೆ ಬರುವಾಕೆ ರಾಯಚೂರು, ಕಲಬುರಗಿ ಕಡೆಯವರಾಗಿದ್ದರೆ ಮಗುವನ್ನು ಅವರ ಜೊತೆ ಧಾರಾಳವಾಗಿ ಮಾತಿಗೆ ಬಿಡಿ. ಅವರ ಬಾಯಲ್ಲಿ ನಿಮಗಿಂತ, ನನಗಿಂತ ಗಟ್ಟಿ ಕನ್ನಡ ಇದೆ. ಅದೂ ಆಗದಿದ್ದರೆ ಅಂಗನವಾಡಿ ಇದೆ. 1975ರಲ್ಲಿ ಆ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಣ್ಣು ಬಿಟ್ಟದ್ದು ತಿ. ನರಸೀಪುರದಲ್ಲಿ. ಬಡವರ ಮಕ್ಕಳ ಜಾಗ ಎಂದು ಮೂಗು ಮುರಿಯುವ ಮುನ್ನ ಒಮ್ಮೆ ಒಳಗೆ ಹೋಗಿ ನೋಡಿ. ಕೆಲವು ಕಡೆ ಹಾಳು ಬಿದ್ದಿವೆ ನಿಜ. ಕೇಳುವವರು ಹೋಗದಿದ್ದರೆ ಇನ್ನಷ್ಟು ಹಾಳಾಗುತ್ತವೆ.

'ಇಂಗ್ಲಿಷಿನಲ್ಲಿ ಹಿಂದೆ ಬೀಳಲ್ವಾ?' ಇದೇ ನಿಜವಾದ ಭಯ, ನನಗೂ ಇತ್ತು. ಕನ್ನಡದಲ್ಲಿ ಹೇಳಿದ ಹಾಗೆ ಬರೆಯುತ್ತೇವೆ, ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ 'ಬಟ್'ಗೂ 'ಪುಟ್'ಗೂ ಒಳಗಿರುವ ಅಕ್ಷರ ಒಂದೇ, ಉಲಿ ಬೇರೆ. ಗೊಂದಲದ ಭಾಷೆಯಿಂದ ಓದು ಶುರು ಮಾಡುವುದಕ್ಕಿಂತ ನೇರ ಭಾಷೆಯಿಂದ ಶುರು ಮಾಡುವುದು ಮಗುವಿಗೆ ಹಗುರ. ಓದುವ ಗುಟ್ಟು ಒಮ್ಮೆ ಕೈಗೆ ಸಿಕ್ಕ ಮೇಲೆ ಎರಡನೇ ಲಿಪಿ ಬೇಗ ಹತ್ತುತ್ತದೆ. ನನ್ನ ಮಗಳಿಗೆ ಇಂಗ್ಲಿಷ್ ಅಕ್ಷರ ಹತ್ತಿದ್ದು ಒಂದೇ ಬೇಸಿಗೆ ರಜದಲ್ಲಿ. ಈಗ ಎಂಟನೇ ತರಗತಿ, ಎರಡೂ ಓದುತ್ತಾಳೆ.

ಇನ್ನೊಂದು ಮಾತು. ನಿಮ್ಮ ಮನೆಮಾತು ತುಳು ಇರಬಹುದು, ಕೊಡವ, ಕೊಂಕಣಿ, ಉರ್ದು, ತೆಲುಗು ಇರಬಹುದು. ಅದನ್ನು ಬಿಡಿ ಎಂದು ಯಾರಾದರೂ ಹೇಳಿದರೆ ಅವನು ಕನ್ನಡದ ಗೆಳೆಯನಲ್ಲ. ಅಜ್ಜಿಯ ಮಾತು ಅಜ್ಜಿಯ ಜೊತೆ ಇರಲಿ, ಅಕ್ಷರ ಕನ್ನಡದ್ದಿರಲಿ. ಮೂರು ವರ್ಷದ ಮಗುವಿಗೆ ಎರಡು ಭಾಷೆ ಭಾರವಲ್ಲ.

ಆರು ತುಂಬಿದ ಮೇಲೆ? ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ. ಸೇರಿಸದಿದ್ದರೆ ಶಿಕ್ಷೆ ಎಂದು ಅದರಲ್ಲಿ ಬರೆದಿಲ್ಲ. ಹಾಗಾಗಿ ಮನೆಯಲ್ಲೇ ಮುಂದುವರಿಸಿ, ಮಗುವಿಗೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೇ ತರಗತಿ ಕಟ್ಟಿಸುವವರೂ ಇದ್ದಾರೆ. ನನಗೆ ಕೇಳಿದರೆ ಆರಕ್ಕೆ ಶಾಲೆಗೆ ಹಾಕಿ, ಮಗುವಿಗೆ ನಾಲ್ಕು ಜನ ಬೇಕು. ಆದರೆ ಸೇರಿಸಲು ಹೋದಾಗ ಎರಡು ವಿಷಯ ತಲೆಯಲ್ಲಿರಲಿ. ಆ ವಯಸ್ಸಿನ ಮಗುವಿಗೆ, ಇಲ್ಲವೇ ನಿಮಗೆ, ಪ್ರವೇಶಕ್ಕಾಗಿ ಇಂಟರ್‌ವ್ಯೂ ಮಾಡುವುದು ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ತಪ್ಪು. ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50,000ದವರೆಗೆ. ಡೊನೇಷನ್ ಕೇಳಿದರೆ ಕೇಳಿದ್ದರ ಹತ್ತು ಪಟ್ಟುವರೆಗೆ ದಂಡ. ಇನ್ನೊಂದು, 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ. ಯಾವ ಬೋರ್ಡಿನ ಶಾಲೆಯಾದರೂ ಒಂದನೇ ತರಗತಿಯಿಂದ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಅರ್ಜಿಯ ಪ್ರಥಮ ಭಾಷೆಯ ಜಾಗದಲ್ಲಿ 'ಕನ್ನಡ' ಎಂದು ಕನ್ನಡದಲ್ಲೇ ಬರೆಯಿರಿ. 'ನಮ್ಮಲ್ಲಿ ಇಲ್ಲ' ಎಂದರೆ ಅದನ್ನೇ ಲೆಟರ್‌ಹೆಡ್ಡಿನಲ್ಲಿ ಬರೆದುಕೊಡಿ ಎಂದು ಕೇಳಿ, ಜೆರಾಕ್ಸ್ ಮಾಡಿಸಿ ಬಿಇಒ ಕಚೇರಿಯಲ್ಲಿ ಕೊಟ್ಟು, ನಿಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.