ಹೊಸ ಗಾಡಿ, ಹಳೆಯ ನೆಪ

ಶ್ರೀಮಂತನೊಬ್ಬ ವಿಹಾರಕ್ಕೆಂದು ಕ್ಯಾರವಾನ್ ಎಂಬ ಮನೆಗಾಡಿಯನ್ನು ಕೊಳ್ಳುತ್ತಾನೆ. ಮೊದಲ ಮಳೆಗೇ ಅದರ ಮಾಳಿಗೆ ಸೋರಿದರೆ ಆತ ಗ್ರಾಹಕನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ನಿಪ್ಪಾಣಿಯ ಕಾಯಿಪಲ್ಲೆ ವ್ಯಾಪಾರಿ ಸಾಲ ತೆಗೆದು ಹೊಸ ಟಂಟಂ ಕೊಂಡು, ಎರಡನೆಯ ವಾರಕ್ಕೇ ಅದರ ಇಂಜಿನ್ ಕೈಕೊಟ್ಟಿತೆನ್ನಿ. ಅವನಿಗೆ ಎದುರಾಗುವ ಮೊದಲ ಪ್ರಶ್ನೆಯೇ ಬೇರೆ: "ನೀನು ಗ್ರಾಹಕನೇ? ಗಾಡಿ ಕೊಂಡದ್ದು ವ್ಯಾಪಾರಕ್ಕಲ್ಲವೇ?" ಸುಖಕ್ಕೆ ಕೊಂಡವನಿಗಿಲ್ಲದ ಈ ಪರೀಕ್ಷೆ ಹೊಟ್ಟೆಗೆ ಕೊಂಡವನಿಗೆ ಏತಕ್ಕೆ?

ಈ ನೆಪ ಇಂದಿನದಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯು ವ್ಯಾಪಾರದ ಉದ್ದೇಶಕ್ಕೆ ಸರಕು ಕೊಂಡವನನ್ನು ಹೊರಗಿಟ್ಟಿತ್ತು. ದೊಡ್ಡ ಕಂಪನಿಗಳು ಬಡವರ ನ್ಯಾಯಪೀಠವನ್ನು ತುಂಬಿಬಿಡಬಾರದೆಂಬುದು ಅದರ ಉದ್ದೇಶವಿರಬಹುದು. ಆದರೆ ಆ ಮಾತನ್ನು ಕಂಪನಿಗಳ ವಕೀಲರೇ ಬಡವನ ವಿರುದ್ಧ ಹಿಡಿದರು. 1993ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ, ಸ್ವಂತ ದುಡಿಮೆಯಿಂದ ಜೀವನ ಸಾಗಿಸಲಿಕ್ಕೆಂದೇ ಕೊಂಡ ಸರಕು 'ವ್ಯಾಪಾರದ ಉದ್ದೇಶ'ದೊಳಗೆ ಬರುವುದಿಲ್ಲವೆಂದು ಸ್ಪಷ್ಟಪಡಿಸಿತು. ತನ್ನ ಗಾಡಿಯನ್ನು ತಾನೇ ನಡೆಸಿ ಹೊಟ್ಟೆ ಹೊರೆಯುವವನು ಗ್ರಾಹಕನೇ, ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಅವನ ಹಕ್ಕು ಹೋಗುವುದಿಲ್ಲ ಎಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಗಾಡಿ ಕೊಂಡು ಪೂರ್ತಿಯಾಗಿ ಬೇರೆಯವರ ಕೈಯಲ್ಲಿ ಓಡಿಸಿ ಲಾಭ ಎಣಿಸುವವನಿಗೆ ಮಾತ್ರ ಈ ರಕ್ಷಣೆ ಇಲ್ಲ. 2019ರ ಹೊಸ ಕಾಯಿದೆಯಲ್ಲಿಯೂ ಅದೇ ವಿವರಣೆ ಉಳಿದಿದೆ. ವ್ಯಾಪಾರದ ಉದ್ದೇಶವಿತ್ತೆಂದು ಸಿದ್ಧಪಡಿಸುವ ಹೊಣೆ ಮೊದಲು ಎದುರುದಾರನದೇ ಎಂದು 2024ರಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿದೆ. ಆದಕಾರಣ ಮಾರುವವನ ದಬಾವಣೆಗೆ ಹೆದರಿ ಮನೆಗೆ ಮರಳಬೇಕಾದ ಕಾರಣವಿಲ್ಲ.

ನಮ್ಮ ಗಡಿಯ ಜನರಿಗೆ ಇನ್ನೊಂದು ತೊಡಕಿತ್ತು. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಕಾಗವಾಡ, ಅಥಣಿಯವರಿಗೆ ಮೀರಜ, ಸಾಂಗಲಿ ಹತ್ತಿರ. ಅಲ್ಲಿ ಕೊಂಡ ಸರಕು ಕೆಟ್ಟರೆ ಹಳೆಯ ಕಾಯಿದೆಯ ಪ್ರಕಾರ ಮಾರಿದವನ ಊರಿಗೇ ಹೋಗಿ ಫಿರ್ಯಾದು ಕೊಡಬೇಕಾಗುತ್ತಿತ್ತು. ದಿನಗೂಲಿ ಬಿಟ್ಟು ಪರರಾಜ್ಯದ ಕಚೇರಿಗೆ ಎಷ್ಟು ಸಲ ಅಲೆದಾನು? 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯಿದೆ ಈ ಅನ್ಯಾಯವನ್ನು ತೆಗೆದುಹಾಕಿತು. ಫಿರ್ಯಾದುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ಅರ್ಜಿ ಹಾಕಬಹುದು. ಕೊಲ್ಹಾಪುರದ ಮಾರಾಟಗಾರ ಬೆಳಗಾವಿಗೆ ಬಂದು ಉತ್ತರ ಕೊಡಲಿ! ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ತಕರಾರುಗಳೆಲ್ಲ ಜಿಲ್ಲಾ ಆಯೋಗಕ್ಕೆ ಸೇರಿದವು. ಬೆಲೆ 5 ಲಕ್ಷದೊಳಗಿದ್ದರೆ ಫೀ ಒಂದು ಪೈಸೆಯೂ ಇಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ. ಹೇಗೆ ಬರೆಯಬೇಕೆಂದು ತಿಳಿಯದಿದ್ದರೆ 1915 ಎಂಬ ಸಂಖ್ಯೆಗೆ ಫೋನು ಮಾಡಿ ಕೇಳಬಹುದು.

ಇಷ್ಟಾದರೂ ಕಾನೂನು ಕಾಗದ ಇದ್ದವನ ಕಡೆಗೇ ವಾಲುತ್ತದೆ; ಇದನ್ನು ಕಾಮಗಾರ ಬಂಧುಗಳು ಗಟ್ಟಿಯಾಗಿ ನೆನಪಿಡಬೇಕು. ದೋಷ ಗಾಡಿಯ ತಯಾರಿಕೆಯಲ್ಲಿಯೇ ಇತ್ತೆಂದು ತೋರಿಸಬೇಕಾದವನು ಕೊಂಡವನು. ಗ್ಯಾರೇಜಿಗೆ ಐದು ಸಲ ಒಯ್ದಿರುತ್ತಾನೆ, ಆದರೆ ಜಾಬ್ ಕಾರ್ಡಿನಲ್ಲಿ ಐದೂ ಸಲ 'ಸಾಮಾನ್ಯ ತಪಾಸಣೆ' ಎಂದು ಬರೆದಿರುತ್ತಾರೆ. ಕಾಗದದ ಮೇಲೆ ಗಾಡಿಗೆ ರೋಗವೇ ಇಲ್ಲ! ಇಂಜಿನ್ ನಿಂತಿತೆಂದರೆ ನಿಂತಿತೆಂದೇ ಬರೆಯಿಸಿ, ತಾರೀಖು ಹಾಕಿಸಿ, ನಕಲು ಪಡೆದೇ ಹೊರಬೀಳಬೇಕು. ಬಾಯಿಮಾತಿನ ಭರವಸೆ ಬೇಡ. ಮಾರಾಟಗಾರನಿಗೂ ತಯಾರಿಸಿದ ಕಂಪನಿಗೂ ರಜಿಸ್ಟರ್ ಟಪಾಲಿನಲ್ಲಿ ಪತ್ರ ಹೋಗಲಿ. 'ಮುಂದಿನ ತಿಂಗಳು ನೋಡೋಣ' ಎನ್ನುತ್ತ ಎರಡು ವರ್ಷ ದೂಡಿದರೆ ಅರ್ಜಿಯ ಅವಧಿಯೇ ತೀರಿಹೋಗುತ್ತದೆ. ಆ ಲೆಕ್ಕ ಮಾರುವವನಿಗೆ ಚೆನ್ನಾಗಿ ಗೊತ್ತು.

ಹೊಸ ಗಾಡಿಯನ್ನೇ ಕೊಡುತ್ತಾರೆಂಬ ಆಸೆಯನ್ನೂ ಅಳತೆಯಲ್ಲಿಡಬೇಕು. ಕ್ಲಚ್ ಕೆಟ್ಟ ಒಂದು ಕಾರಿನ ತಕರಾರಿನಲ್ಲಿ, ವಾರಂಟಿಯಲ್ಲಿ ಭಾಗ ಬದಲಿಸುವ ಮಾತಷ್ಟೇ ಇದ್ದುದರಿಂದ ಇಡೀ ಕಾರು ಬದಲಿಸಬೇಕೆಂಬ ಕೆಳಗಿನ ಆದೇಶವನ್ನು 2006ರಲ್ಲಿ ಸರ್ವೋಚ್ಚ ನ್ಯಾಯಾಲಯ ಉಳಿಸಲಿಲ್ಲ. ದೋಷ ತಿದ್ದಿಸುವುದು, ಗಾಡಿ ಬದಲಿಸುವುದು, ಹಣ ಮರಳಿಸುವುದು, ನಷ್ಟ ತುಂಬಿಸುವುದು ಈ ನಾಲ್ಕೂ ಅಧಿಕಾರಗಳು ಆಯೋಗಕ್ಕಿವೆ. ಯಾವುದು ದಕ್ಕುವುದೆಂಬುದು ಪುರಾವೆಯ ಮೇಲೆ ನಿಂತಿದೆ. ಆದ್ದರಿಂದ ಅರ್ಜಿಯಲ್ಲಿ ಕಳೆದುಹೋದ ಸಂತೆಗಳ ದುಡಿಮೆಯನ್ನೂ ಲೆಕ್ಕ ಹಾಕಿ ಕೇಳಬೇಕು. ಆದೇಶ ಬಂದ ಮೇಲೆ ಅದನ್ನು ಮುರಿದವರಿಗೆ ಒಂದು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಕಾರಾಗೃಹವಾಸ, ಇಲ್ಲವೆ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಉಂಟು.

ಸಿಟ್ಟಿನಿಂದ ಸಾಲದ ಹಪ್ತೆ ನಿಲ್ಲಿಸುವುದು ಮಾತ್ರ ಬೇಡ. ಸಾಲ ಕೊಟ್ಟವನಿಗೆ ಗಾಡಿ ಓಡಿದರೂ ಒಂದೇ, ನಿಂತರೂ ಒಂದೇ. ಹಪ್ತೆ ತಪ್ಪಿತೆಂದು ಅವನು ಗಾಡಿ ಎಳೆದುಕೊಂಡು ಹೋದರೆ ದೋಷದ ಪುರಾವೆಯೇ ಅವನ ಕೈಗೆ ಹೋದಂತೆ.

ಇನ್ನು ಸರಕಾರಕ್ಕೆ ಒಂದು ಮಾತು. ತಪಾಸಣೆ ಬೇಕಿಲ್ಲದ ಫಿರ್ಯಾದು ಮೂರು ತಿಂಗಳಲ್ಲಿ, ಪ್ರಯೋಗಶಾಲೆಯ ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯಿದೆ ಬಯಸುತ್ತದೆ. ಬಯಕೆ ಒಳ್ಳೆಯದು. ಆದರೆ ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಪ್ರತಿ ತಾರೀಖಿಗೆ ಒಂದು ದಿನದ ಕೂಲಿ ಹೋಯಿತು, ಮೇಲೆ ಬಸ್ಸಿನ ಖರ್ಚು. ದೃಶ್ಯ ಸಂಪರ್ಕದ ಮೂಲಕ ಹಾಜರಾಗಲು ಕಾಯಿದೆಯಲ್ಲಿ ಅವಕಾಶವಿದೆ, ಸರಿ. ಅದನ್ನು ಕೇಳಿ ಪಡೆಯಬೇಕೆಂಬುದು ಎಷ್ಟು ಜನ ಕಾಮಗಾರರಿಗೆ ತಿಳಿದಿದೆ? ಉಪವಿಭಾಗದ ಕಚೇರಿಗಳಿರುವ ಚಿಕ್ಕೋಡಿಯಲ್ಲಿ ಆಯೋಗವು ತಿಂಗಳಿಗೆ ಎರಡು ದಿನ ಕುಳಿತರೆ ರಾಯಬಾಗ, ಕಾಗವಾಡಗಳ ಜನ ಮುಂಜಾನೆ ಹೋಗಿ ಸಂಜೆಗೆ ಮನೆ ಸೇರುತ್ತಾರೆ. ಪರೀಕ್ಷೆಯ ಖರ್ಚನ್ನು ಫಿರ್ಯಾದುದಾರನೇ ಮುಂಗಡ ಕಟ್ಟಬೇಕೆಂಬ ನಿಯಮವನ್ನೂ ಬಡವರ ಮಟ್ಟಿಗಾದರೂ ಸಡಿಲಿಸಬೇಕು. ಅಲ್ಲಿಯವರೆಗೆ ಸಕ್ಕರೆ ಕಾರ್ಖಾನೆಯ ಕಾಮಗಾರ ಸಂಘಗಳೂ ಪೇಟೆಯ ವ್ಯಾಪಾರಿ ಸಂಘಗಳೂ ಅರ್ಜಿ ಬರೆಯಬಲ್ಲ ಒಬ್ಬನನ್ನು ವಾರಕ್ಕೊಂದು ಸಂಜೆ ಸಂಘದ ಕಚೇರಿಯಲ್ಲಿ ಕೂಡಿಸಲಿ. ಮೇಜು, ಕುರ್ಚಿ, ಮೊಬೈಲು ಎಲ್ಲವೂ ಅಲ್ಲಿ ಈಗಾಗಲೇ ಇವೆ.