ಹಿರಿಯಣ್ಣನ ತೋಟ

ಪೆಸಿಫಿಕ್ ಸಾಗರದ ನಡುವಣ ಹವಾಯಿ ದ್ವೀಪಗಳ ಮೂಲನಿವಾಸಿಗಳು ಕೆಸುವನ್ನು ಬರಿಯ ಬೆಳೆಯೆಂದು ಎಣಿಸುವವರಲ್ಲ. ಅವರ ಪುರಾಣದಂತೆ ಆಕಾಶಪಿತ ವಾಕೇಯನಿಗೆ ಜೀವವಿಲ್ಲದ ಶಿಶುವೊಂದು ಜನಿಸಿತು. ಅದನ್ನು ಹೂಳಿದೆಡೆಯಲ್ಲಿ ಕೆಸು ಚಿಗುರಿತು. ಅನಂತರ ಹುಟ್ಟಿದ ಮಗನೇ ಅವರ ಕುಲಮೂಲನು. ಆದಕಾರಣ ಕೆಸು ಅವರಿಗೆ ಹಿರಿಯಣ್ಣ. ಗಡ್ಡೆಯ ಮಗ್ಗುಲಲ್ಲಿ ಒಡೆಯುವ ಮರಿಗೆ ಅವರು 'ಓಹಾ' ಎನ್ನುವರು. ಕುಟುಂಬವೆಂಬರ್ಥದ 'ಓಹಾನ' ಶಬ್ದವು ಅದರಿಂದಲೇ ಬಂದುದಂತೆ. ಬಾಳೆಯ ಮರಿಯನ್ನು ಕಂದು ಎಂದೂ ಮಗುವನ್ನು ಕಂದನೆಂದೂ ಕರೆಯುವ ನಮಗೆ ಇದು ಅರ್ಥವಾಗದ ಮಾತಲ್ಲ.

ಹೊನೊಲುಲುವಿನ ವಿಶ್ವವಿದ್ಯಾನಿಲಯದ ಬಳಿ ಕಾನೆವಾಯಿ ಎಂಬ ಸ್ಥಳವಿದೆ. ಪೊದೆಗಳಲ್ಲಿ ಮುಚ್ಚಿಹೋಗಿದ್ದ ಹಳೆಯ ನೀರುಗಾಲುವೆಯನ್ನು 1980ರಲ್ಲಿ ವಿದ್ಯಾರ್ಥಿಗಳು ಬಿಡಿಸಿ, ಕೆಸುವಿನ ಗದ್ದೆಗಳನ್ನು ಪುನಃ ಎಬ್ಬಿಸಿದರು. ತಿಂಗಳ ಮೊದಲನೆಯ ಶನಿವಾರ ಊರವರೆಲ್ಲ ಸೇರಿ ಕೆಸರಿಗಿಳಿದು ದುಡಿಯುವುದು ಅಲ್ಲಿ ಬೆಳೆದುಬಂದ ಪದ್ಧತಿ. ಇಂತಹ ತೋಟಗಳಲ್ಲಿ ನೆಡುವ ಕೆಲಸ ಸ್ವಲ್ಪ, ಕಳೆ ಕೀಳುವುದೇ ಬಹಳ. ನಮ್ಮ ಕಾಡುಗಳನ್ನು ನುಂಗಿದ ಲಂಟಾನವು 1858ರಲ್ಲಿ ಅಲ್ಲಿಗೂ ಅಲಂಕಾರದ ಗಿಡವಾಗಿಯೇ ಕಾಲಿಟ್ಟಿತು. ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಂಡು ಹೋಗುವವರಿಂದ ಪರಂಪರೆಯ ತೋಟ ಉಳಿಯಲಾರದು.

ಕೆಸುವನ್ನು ದೇಶೀಯವೆನ್ನಬಹುದೇ ಎಂದು ಸಸ್ಯಶಾಸ್ತ್ರಜ್ಞರು ಆಕ್ಷೇಪಿಸಬಹುದು. ಅದೂ ಅರಿಶಿನ, ಕಬ್ಬು, ಬಾಳೆಗಳೂ ಪೂರ್ವಿಕರ ದೋಣಿಗಳಲ್ಲಿ ಬಂದವು, ನಿಜ. ದ್ವೀಪದಲ್ಲಿಯೇ ಉದ್ಭವಿಸಿದ ಹಳದಿ ದಾಸವಾಳದ ಗತಿಯಾದರೋ ಬೇರೆ: 1988ರಲ್ಲಿ ಅದು ರಾಜ್ಯಪುಷ್ಪವಾಯಿತು, 1994ರಲ್ಲಿ ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿತು! ಎರಡು ಬಗೆಯವುಗಳಿಗೂ ತೋಟದಲ್ಲಿ ಎಡೆಯಿರಲಿ. ಆದರೆ ಯಾವುದು ನೆಲದ್ದು, ಯಾವುದು ದೋಣಿಯದು ಎಂಬುದನ್ನು ಫಲಕಗಳು ಮರೆಮಾಚದಿರಲಿ.

ಇದರಲ್ಲಿ ಆರೋಗ್ಯದ ಪ್ರಶ್ನೆಯೂ ಅಡಗಿದೆ. 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 20 ಮಂದಿ ಮೂಲನಿವಾಸಿಗಳಿಗೆ 21 ದಿನ ಕೆಸು, ಗೆಣಸು, ಸೊಪ್ಪು, ಹಣ್ಣು, ಮಿತವಾದ ಮೀನು ಮುಂತಾದ ಪೂರ್ವಿಕರ ಆಹಾರವನ್ನು ಹೊಟ್ಟೆ ತುಂಬ ಬಡಿಸಲಾಯಿತು. ಸರಾಸರಿ 7.8 ಕಿಲೋಗ್ರಾಂ ತೂಕ ಇಳಿಯಿತು. ರಕ್ತದ ಕೊಲೆಸ್ಟರಾಲ್ ಶೇಕಡಾ 14ರಷ್ಟು ತಗ್ಗಿತು. ಕೆಲವೇ ಜನ, ಮೂರೇ ವಾರ. ಇದನ್ನು ಸಂಜೀವಿನಿಯೆಂದು ಸಾರುವುದು ತಪ್ಪು. ಆದರೂ ಡಬ್ಬಿಯ ಮಾಂಸಕ್ಕೆ ಒಗ್ಗಿಹೋದ ಮನೆಗಳಿಗೆ ಕೆಸು ಮರಳಬೇಕಾದರೆ ಮೊದಲು ಅದು ಎಲ್ಲಿಯಾದರೂ ಬೆಳೆಯಬೇಕಷ್ಟೆ.

ಬೆಳೆದದ್ದು ಯಾರ ಸ್ವತ್ತು? ಅದೇ ವಿಶ್ವವಿದ್ಯಾನಿಲಯವು ರೋಗ ತಡೆಯುವ ಮೂರು ಕೆಸು ಮಿಶ್ರತಳಿಗಳಿಗೆ 2002ರಲ್ಲಿ ಪೇಟೆಂಟ್ ಪಡೆಯಿತು. ಹಿರಿಯಣ್ಣನಿಗೆ ಒಡೆಯರುಂಟೇ ಎಂದು ಜನ ಎದ್ದುನಿಂತರು. 2006ರಲ್ಲಿ ಅದು ಹಕ್ಕನ್ನು ಬಿಟ್ಟುಕೊಟ್ಟಿತು. ಸಂಶೋಧಕರ ಶ್ರಮವನ್ನು ನಾನು ಅಲ್ಲಗಳೆಯೆನು. ಆದರೆ ತಳಿಯು ನೂರು ಗದ್ದೆಗಳಲ್ಲಿ ಹರಡಿರುವುದೇ ಅದಕ್ಕೆ ದೊಡ್ಡ ಕಾವಲು. ಕಿತ್ತ ಕೆಸುವಿನ ದಂಟನ್ನು ಗಡ್ಡೆಯ ತುದಿಯೊಡನೆ ಕೊಯ್ದು ಮರಳಿ ನೆಡುವರು, ಅದಕ್ಕೆ ಅಲ್ಲಿನ ಹೆಸರು 'ಹುಲಿ' (ನಮ್ಮ ಹುಲಿಯಲ್ಲ!). ತೋಟಕ್ಕೆ ಬಂದು ದುಡಿದವರು ಬರಿಗೈಯಲ್ಲಿ ಮರಳದೆ, ತಮ್ಮ ಹಿತ್ತಲಿಗೊಂದು ಹುಲಿಯನ್ನು ಒಯ್ಯುವಂತಾಗಬೇಕು.